ವಿಂಡೋಸ್ ಚಿಹ್ನೆ ಬರುವಷ್ಟರಲ್ಲಿ ಮತ್ತೆ ರೀಸ್ಟಾರ್ಟ್ ಆಗುವ ಮನೆಯ ಕಂಪ್ಯೂಟರ್

ಬದಿಯಡ್ಕ ಮಾಸ್ತರ್ (ಶನಿವಾರ, ಬೆಳಿಗ್ಗೆ 9.40)

ನಿವೃತ್ತಿಯ ಬಳಿಕ ದಿನಕ್ಕೆ ಎರಡು ಗಂಟೆಯಾದರೂ ನಾನು ಮುಂದೆ ಕೂರುವ ಕಂಪ್ಯೂಟರು ಎರಡು ವಾರಗಳಿಂದ ಸತಾಯಿಸುತ್ತಿದೆ. 2014ರಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಅದು. ಎಚ್61 ಮದರ್‌ಬೋರ್ಡ್, ಮೂರನೆಯ ತಲೆಮಾರಿನ ಐ3 ಪ್ರೊಸೆಸರ್, ತಲಾ 4 ಜಿಬಿಯ ಎರಡು ರ‍್ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್ ಇವೆ. ವಿಂಡೋಸ್ 10 ಹಾಕಿದ್ದೇನೆ. ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಒಂದು ಬೀಪ್ ಕೇಳಿಸುತ್ತದೆ, ವಿಂಡೋಸ್‌ನ ಚಿಹ್ನೆ ಮೂಡಿ ಅದರ ಕೆಳಗಿನ ಚುಕ್ಕಿಗಳು ಎರಡು ಮೂರು ಸುತ್ತು ತಿರುಗುವಷ್ಟರಲ್ಲಿ ಪರದೆ ಕಪ್ಪಾಗಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ನಾಲ್ಕೈದು ಸಲ ಹೀಗೆ ಆದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ತೆರೆದುಕೊಂಡು ಮಧ್ಯಾಹ್ನದವರೆಗೂ ಸರಿಯಾಗಿ ಓಡುತ್ತದೆ.

ಪೇಟೆಯ ಅಂಗಡಿಯೊಂದಕ್ಕೆ ಒಯ್ದಿದ್ದೆ. ಅವರು ತೆರೆದೂ ನೋಡದೆ ‘ಫಾರ್ಮ್ಯಾಟ್ ಮಾಡಬೇಕು’ ಎಂದರು. ನನ್ನ ಅಂಜಿಕೆ ಅಲ್ಲಿಯೇ ಇರುವುದು. ತಂದೆಯವರು ಕೈಬರಹದಲ್ಲಿ ಬಿಟ್ಟುಹೋದ ತಾಳಮದ್ದಳೆಯ ಅರ್ಥದ ಟಿಪ್ಪಣಿಗಳನ್ನು ನಾನು ನಾಲ್ಕು ವರ್ಷಗಳಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಅದರಲ್ಲೇ ಇಟ್ಟಿದ್ದೇನೆ. ಫಾರ್ಮ್ಯಾಟ್ ಮಾಡದೆ ಇದನ್ನು ಸರಿಪಡಿಸುವ ದಾರಿ ಇದೆಯೇ?

ಅಕ್ಕಲಕೋಟೆ ಓದುಗ (ಶನಿವಾರ, ಬೆಳಿಗ್ಗೆ 10.15)

ಸೊಲ್ಲಾಪುರದಲ್ಲಿರುವ ನಮ್ಮ ಅಣ್ಣನ ಕಂಪ್ಯೂಟರು ಹೀಗೆಯೇ ಮಾಡುತ್ತಿತ್ತು. ಬಯೋಸ್ (ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡ್‌ನೊಳಗಿನ ಪುಟ್ಟ ತಂತ್ರಾಂಶ) ರೀಸೆಟ್ ಮಾಡಿದ ಮೇಲೆ ಸರಿಹೋಯಿತು. ಕರೆಂಟಿನ ವೈರ್ ಕಿತ್ತು, ಮದರ್‌ಬೋರ್ಡ್ ಮೇಲಿರುವ ನಾಣ್ಯದಂಥ ಬ್ಯಾಟರಿಯನ್ನು ಹತ್ತು ನಿಮಿಷ ಹೊರಗಿಟ್ಟು ಮತ್ತೆ ಹಾಕಿ ನೋಡಿರಿ. ಅದಕ್ಕೂ ಜಗ್ಗದಿದ್ದರೆ ವಿಂಡೋಸ್ ಅಪ್‌ಡೇಟ್‌ನದ್ದೇ ಏನೋ ಕಿತಾಪತಿ ಇರಬೇಕು, ಏಕೆಂದರೆ ವಿಂಡೋಸ್ 10ಕ್ಕೆ ಬೆಂಬಲ ನಿಂತುಹೋಗಿದೆ.

ಹೊಸೂರು ಕನ್ನಡಿಗ (ಶನಿವಾರ, ಬೆಳಿಗ್ಗೆ 11.05)

ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು, ನಿಜ. ಆದರೆ ಬೆಂಬಲ ನಿಂತ ಮಾತ್ರಕ್ಕೆ ಕಂಪ್ಯೂಟರು ರೀಸ್ಟಾರ್ಟ್ ಆಗುವುದಿಲ್ಲ. ಭದ್ರತೆಯ ತೇಪೆಗಳು ಬರುವುದು ನಿಲ್ಲುತ್ತದೆ, ಅಷ್ಟೇ. ಮಾಸ್ತರರೇ, ಬೇರೆ ಯಾವುದಕ್ಕೂ ಕೈಹಾಕುವ ಮೊದಲು, ಇವತ್ತು ಅದು ತೆರೆದುಕೊಂಡಿರುವ ಹೊತ್ತಿನಲ್ಲೇ ಆ ಟಿಪ್ಪಣಿಗಳನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿಕೊಳ್ಳಿ. ರೋಗ ಪತ್ತೆಹಚ್ಚುವ ಕೆಲಸ ಆಮೇಲೆ.

ಬದಿಯಡ್ಕ ಮಾಸ್ತರ್ (ಶನಿವಾರ, ಮಧ್ಯಾಹ್ನ 1.30)

ನಕಲು ಮಾಡಿಕೊಂಡೆ. ಆದರೆ ಮಗಳ ಲ್ಯಾಪ್‌ಟಾಪ್‌ನಲ್ಲಿ ಕಡತವನ್ನು ತೆರೆದಾಗ ಎದೆ ಒಡೆದುಹೋಯಿತು. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕೆಳಗೆ ಚುಕ್ಕಿ, ಬಾಲ, ಟೋಪಿಗಳನ್ನು ಸಿಕ್ಕಿಸಿದಂಥ ಸಾಲುಗಳು ಪುಟಗಟ್ಟಲೆ ಇವೆ. ಹಾರ್ಡ್ ಡಿಸ್ಕ್ ಆಗಲೇ ಕೆಟ್ಟಿದೆಯೆಂದು ತೋರುತ್ತದೆ.

ಹೊಸೂರು ಕನ್ನಡಿಗ (ಶನಿವಾರ, ಮಧ್ಯಾಹ್ನ 1.50)

ಕೆಟ್ಟಿಲ್ಲ, ಗಾಬರಿಯಾಗಬೇಡಿ. ನೀವು ಬೆರಳಚ್ಚು ಮಾಡಿದ್ದು ನುಡಿಯ ಹಳೆಯ ಮಾದರಿಯಲ್ಲಿ. ಆ ಮಾದರಿಯಲ್ಲಿ ಕಡತದೊಳಗೆ ಕೂತಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತಗಳು, ಅವುಗಳಿಗೆ ಕನ್ನಡದ ರೂಪ ಕೊಡುವುದು ನುಡಿಯ ಫಾಂಟ್. ಮಗಳ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇಲ್ಲ. ಅದನ್ನು ಹಾಕಿ ನೋಡಿ, ಅಕ್ಷರಗಳು ಹಿಂದಕ್ಕೆ ಬರುತ್ತವೆ. ಬಿಡುವಾದಾಗ ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಗಳಿಗೆ ಪರಿವರ್ತಿಸಿಕೊಂಡರೆ ಈ ಪೇಚಾಟವೂ ಇರುವುದಿಲ್ಲ.

ಬದಿಯಡ್ಕ ಮಾಸ್ತರ್ (ಶನಿವಾರ, ಸಂಜೆ 6.20)

ಫಾಂಟ್ ಹಾಕಿದೆ, ಅಕ್ಷರಗಳು ಬಂದವು. ಅರ್ಧ ಜೀವ ಬಂದಂತಾಯಿತು. ಆ ಧೈರ್ಯದಲ್ಲೇ ಅಕ್ಕಲಕೋಟೆಯವರು ಹೇಳಿದಂತೆ ಬ್ಯಾಟರಿಯನ್ನು ತೆಗೆದು ಹಾಕಿದೆ. ಈಗ ಪರಿಸ್ಥಿತಿ ಮೊದಲಿಗಿಂತ ಬಿಗಡಾಯಿಸಿದೆ. ಮೊದಲು ನಾಲ್ಕೈದು ಸಲಕ್ಕಾದರೂ ತೆರೆಯುತ್ತಿದ್ದುದು ಈಗ ಹತ್ತು ಸಲ ಕಾದರೂ ತೆರೆಯುತ್ತಿಲ್ಲ. ಚುಕ್ಕಿಗಳು ತಿರುಗಿದ ಮೇಲೆ ನೀಲಿ ಪರದೆಯೊಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಿಂಚಿ ಮಾಯವಾಗುತ್ತದೆ. ಅದರಲ್ಲಿ ಏನು ಬರೆದಿದೆಯೆಂದು ಓದಲಾಗುವುದಿಲ್ಲ.

ಉಪ್ಪಳದ ಮೆಕ್ಯಾನಿಕ್ (ಶನಿವಾರ, ರಾತ್ರಿ 8.10)

ತಡವಾಗಿ ನೋಡಿದೆ. ಮಾಸ್ತರರೇ, ಈಗ ನಿಮ್ಮಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಒಂದು ಮೊದಲಿನದು, ಇನ್ನೊಂದು ಈ ಸಂಜೆ ನಾವೇ ತಂದುಕೊಂಡದ್ದು. ಹೊಸದನ್ನು ಮೊದಲು ಬಿಡಿಸೋಣ. ಬ್ಯಾಟರಿ ತೆಗೆದಾಗ ಬಯೋಸ್‌ನ ಎಲ್ಲ ಆಯ್ಕೆಗಳೂ ಕಾರ್ಖಾನೆಯಲ್ಲಿ ಇಟ್ಟ ಸ್ಥಿತಿಗೆ ಮರಳುತ್ತವೆ. ಎಚ್61 ಕಾಲದ ಎಷ್ಟೋ ಬೋರ್ಡ್‌ಗಳಲ್ಲಿ ಹಾರ್ಡ್ ಡಿಸ್ಕ್‌ನೊಂದಿಗೆ ಮಾತನಾಡುವ ಸಾಟಾ ಮೋಡ್ ಆಗ ಐಡಿಇ ಎಂಬ ಹಳೆಯ ವಿಧಾನಕ್ಕೆ ಮರಳಿಬಿಡುತ್ತದೆ. ನಿಮ್ಮ ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಹೊಸ ವಿಧಾನದಲ್ಲಾಗಿದ್ದರೆ, ಏಳುವ ಹೊತ್ತಿಗೆ ಅದಕ್ಕೆ ತನ್ನದೇ ಡಿಸ್ಕ್ ಸಿಗುವುದಿಲ್ಲ. ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಕಣ್ಣಾರೆ ನೋಡಿಯೇ ಖಚಿತಪಡಿಸಿಕೊಳ್ಳಿ. ಎರಡು ಮೂರು ಸಲ ಏಳಲು ಸೋತ ಮೇಲೆ ವಿಂಡೋಸ್ ತಾನಾಗಿ ರಿಪೇರಿಯ ಪರದೆಗೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟಿಂಗ್ಸ್ ಎಂಬ ಕ್ರಮದಲ್ಲಿ ಒಳಹೊಕ್ಕು ರೀಸ್ಟಾರ್ಟ್ ಒತ್ತಿದರೆ ಒಂಬತ್ತು ಆಯ್ಕೆಗಳ ಪಟ್ಟಿ ಬರುತ್ತದೆ. ಅದರಲ್ಲಿ 9ನೆಯದನ್ನು ಆರಿಸಿಕೊಳ್ಳಿ. ತಪ್ಪು ನಡೆದ ಕೂಡಲೇ ತಾನಾಗಿ ರೀಸ್ಟಾರ್ಟ್ ಆಗುವುದನ್ನು ಅದು ತಡೆಯುತ್ತದೆ, ನೀಲಿ ಪರದೆ ನೀವು ಓದುವವರೆಗೂ ನಿಂತಿರುತ್ತದೆ. ಕೆಳಗಿನ ಸ್ಟಾಪ್ ಕೋಡ್ ಏನೆಂದು ಬರೆಯಿರಿ.

ಬದಿಯಡ್ಕ ಮಾಸ್ತರ್ (ಶನಿವಾರ, ರಾತ್ರಿ 9.25)

‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದಿದೆ. ನೀವು ಹೇಳಿದಂತೆ ಬಯೋಸ್‌ನೊಳಗೆ ಹೋಗಿ ನೋಡಿದರೆ ಸಾಟಾ ಮೋಡ್ ಐಡಿಇ ಎಂದೇ ಇತ್ತು. ಎಎಚ್‌ಸಿಐಗೆ ಬದಲಿಸಿ, ತಾರೀಖನ್ನೂ ಸರಿಪಡಿಸಿ, ಎಫ್10 ಒತ್ತಿ ಹೊರಬಂದೆ. ಮೊದಲ ಯತ್ನಕ್ಕೇ ತೆರೆಯಿತು.

ಅಕ್ಕಲಕೋಟೆ ಓದುಗ (ಶನಿವಾರ, ರಾತ್ರಿ 9.40)

ನನ್ನಿಂದ ತೊಂದರೆಯಾಯಿತು, ಕ್ಷಮಿಸಿರಿ. ಅಣ್ಣನದ್ದು ಹೊಸ ಬೋರ್ಡ್, ಅದರಲ್ಲಿ ಐಡಿಇ ಎಂಬ ಆಯ್ಕೆಯೇ ಇರಲಿಲ್ಲ. ಅದೇನಿದ್ದರೂ ಈಗ ಸರಿಹೋಯಿತಲ್ಲ?

ಉಪ್ಪಳದ ಮೆಕ್ಯಾನಿಕ್ (ಶನಿವಾರ, ರಾತ್ರಿ 10.00)

ಸರಿಹೋಗಿಲ್ಲ. ಇಡೀ ಸಂಜೆ ಉರಿದು ಬಿಸಿಯಾಗಿರುವ ಯಂತ್ರ ಅದು, ಆದ್ದರಿಂದ ತೆರೆದಿದೆ. ನಾಳೆ ಬೆಳಿಗ್ಗೆ ನೋಡೋಣ. ಈಗ ತೆರೆದಿರುವಾಗಲೇ, ನಡೆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗಕ್ಕೆ ಹೋಗಿ, ಕರ್ನಲ್ ಪವರ್ ಎಂಬ ಹೆಸರಿನ, 41 ಎಂಬ ಸಂಖ್ಯೆಯ ದಾಖಲೆಗಳನ್ನು ಹುಡುಕಿ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಎಂಬ ಸಾಲಿನ ಮುಂದೆ ಸೊನ್ನೆ ಇದೆಯೋ ಬೇರೆ ಸಂಖ್ಯೆ ಇದೆಯೋ ತಿಳಿಸಿ. ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ತಪ್ಪನ್ನು ಕಂಡು ತಾನೇ ನಿಂತಿದೆ ಎಂದರ್ಥ. ಸೊನ್ನೆ ಇದ್ದರೆ, ಏನು ನಡೆಯಿತೆಂದು ಬರೆದಿಡಲೂ ಅದಕ್ಕೆ ವ್ಯವಧಾನ ಸಿಗಲಿಲ್ಲ ಎಂದರ್ಥ; ಹಾಗೆ ಆಗುವುದು ಹೆಚ್ಚಾಗಿ ಕರೆಂಟು ಹಠಾತ್ತನೆ ತಪ್ಪಿದಾಗ.

ಬದಿಯಡ್ಕ ಮಾಸ್ತರ್ (ಭಾನುವಾರ, ಬೆಳಿಗ್ಗೆ 8.30)

ಎರಡು ವಾರಗಳಲ್ಲಿ ಐವತ್ತಕ್ಕೂ ಹೆಚ್ಚು ದಾಖಲೆಗಳಿವೆ. ನಿನ್ನೆ ಸಂಜೆಯ ನೀಲಿ ಪರದೆಯ ಗಲಾಟೆಯನ್ನು ಬಿಟ್ಟು ನಾನು ತೆರೆದು ನೋಡಿದವುಗಳಲ್ಲೆಲ್ಲ ಸೊನ್ನೆ. ನಿಮ್ಮ ಮಾತು ನಿಜವಾಯಿತು, ಇವತ್ತು ಬೆಳಿಗ್ಗೆ ಮತ್ತೆ ಐದು ಸಲ ರೀಸ್ಟಾರ್ಟ್ ಆಯಿತು.

ಆದೋನಿ ಹತ್ತಿ (ಭಾನುವಾರ, ಬೆಳಿಗ್ಗೆ 9.00)

ನಮ್ಮ ಊರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲುಗಳು ಹೆಚ್ಚು. ಮಿಲ್ಲಿನ ಆಫೀಸಿನ ಕಂಪ್ಯೂಟರುಗಳಲ್ಲಿ ಆರು ತಿಂಗಳಿಗೊಮ್ಮೆ ಪ್ರೊಸೆಸರ್ ಫ್ಯಾನಿನ ಕೆಳಗೆ ಹತ್ತಿಯ ಎಳೆಗಳು ಕಂಬಳಿಯಂತೆ ಹಾಸಿಕೊಂಡಿರುತ್ತವೆ. ಗಾಳಿಯಾಡದೆ ಪ್ರೊಸೆಸರ್ ಕಾದು ಯಂತ್ರ ತಾನಾಗಿ ಆರುತ್ತದೆ. ಹನ್ನೆರಡು ವರ್ಷ ಹಳೆಯದೆಂದರೆ ಪ್ರೊಸೆಸರಿನ ಮೇಲೆ ಬಳಿದ ಥರ್ಮಲ್ ಪೇಸ್ಟ್ ಕೂಡ ಸುಣ್ಣದಂತೆ ಒಣಗಿರುತ್ತದೆ. ಮೊದಲು ಅದನ್ನು ನೋಡಬಾರದೇ?

ಉಪ್ಪಳದ ಮೆಕ್ಯಾನಿಕ್ (ಭಾನುವಾರ, ಬೆಳಿಗ್ಗೆ 9.30)

ನೋಡಬೇಕು, ಆದರೆ ಲಕ್ಷಣ ತಿರುಗಮುರುಗ ಆಗಿರುವುದನ್ನು ಗಮನಿಸಿ. ಕಾದು ಆರುವ ಯಂತ್ರ ತಣ್ಣಗಿದ್ದಾಗ ಚೆನ್ನಾಗಿ ಏಳುತ್ತದೆ, ಹೊತ್ತು ಕಳೆದಂತೆ ಕೈಕೊಡುತ್ತದೆ. ಮಾಸ್ತರರದು ತಣ್ಣಗಿದ್ದಾಗ ಏಳುವುದಿಲ್ಲ, ಬಿಸಿಯಾದ ಮೇಲೆ ಸರಿಯಾಗುತ್ತದೆ. ಇಂಥ ಗುಣವುಳ್ಳ ವಸ್ತು ಕಂಪ್ಯೂಟರಿನಲ್ಲಿ ಮುಖ್ಯವಾಗಿ ಒಂದೇ: ಮುಪ್ಪಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ. ಅದರೊಳಗಿನ ದ್ರವ ವರ್ಷಗಳು ಉರುಳಿದಂತೆ ಆರುತ್ತ ಬರುತ್ತದೆ, ಒಳಗಿನ ರೋಧ ಏರುತ್ತದೆ. ತಣ್ಣಗಿರುವಾಗ ಆ ರೋಧ ಇನ್ನೂ ಹೆಚ್ಚು, ನಾಲ್ಕಾರು ಸಲ ಕರೆಂಟು ಹರಿದು ತುಸು ಬಿಸಿಯಾದರೆ ಇಳಿಯುತ್ತದೆ. ಈ ಕೆಪಾಸಿಟರುಗಳಿರುವುದು ಎಸ್‌ಎಂಪಿಎಸ್‌ನಲ್ಲಿ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆ) ಮತ್ತು ಮದರ್‌ಬೋರ್ಡ್‌ನಲ್ಲಿ. ವಿಂಡೋಸ್ ಚಿಹ್ನೆ ಬರುವ ಹೊತ್ತಿಗೆ ಪ್ರೊಸೆಸರ್, ಡಿಸ್ಕ್ ಎಲ್ಲವೂ ಒಟ್ಟಿಗೆ ಕೆಲಸಕ್ಕೆ ಇಳಿಯುವುದರಿಂದ ಹೊರೆ ಒಮ್ಮೆಲೇ ಏರುತ್ತದೆ, ಸೋತಿರುವ ಎಸ್‌ಎಂಪಿಎಸ್ ಅಲ್ಲಿಯೇ ಕುಸಿಯುತ್ತದೆ. ನೋಡುವವರು ವಿಂಡೋಸ್ ಮೇಲೆ ಗೂಬೆ ಕೂರಿಸುತ್ತಾರೆ.

ಇದು ಇನ್ನೂ ಊಹೆ. ಹೀಗೆ ಪರೀಕ್ಷಿಸಿ. ನಾಳೆ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಡಿಲೀಟ್ ಕೀಲಿಯನ್ನು ಒತ್ತಿ ಬಯೋಸ್‌ಗೆ ಹೋಗಿ ಸುಮ್ಮನೆ ಬಿಟ್ಟುಬಿಡಿ. ಬಯೋಸ್‌ನೊಳಗಿರುವಾಗ ವಿಂಡೋಸ್‌ನ ಒಂದು ಅಕ್ಷರವೂ ಓಡುತ್ತಿರುವುದಿಲ್ಲ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್, ವೈರಸ್, ಡ್ರೈವರ್ ಇವೆಲ್ಲ ನಿರಪರಾಧಿಗಳು. ಆಗದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಅಲ್ಲಿ ಹೊರೆ ಕಡಿಮೆ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಸಿಕ್ಕಿಸಿ. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೂ ಇಂಥ ಆಟವನ್ನೇ ಆಡುತ್ತದೆ.

ಪೆರ್ಲದ ಕೃಷಿಕ (ಭಾನುವಾರ, ಬೆಳಿಗ್ಗೆ 11.20)

ಒಂದು ಮಾತು ಸೇರಿಸುತ್ತೇನೆ. ಈ ತಿಂಗಳುಗಳಲ್ಲಿ ನಮ್ಮ ಕಡೆ ಎಲ್ಲರೂ ಅಡಿಕೆ ತೋಟಕ್ಕೆ ನೀರು ಬಿಡುವವರೇ. ಬೆಳಿಗ್ಗೆ ಒಟ್ಟೊಟ್ಟಿಗೆ ಪಂಪುಗಳು ಶುರುವಾದರೆ ಲೈನಿನ ತುದಿಯಲ್ಲಿರುವ ನಮ್ಮ ಮನೆಯಲ್ಲಿ 230 ಇರಬೇಕಾದ ವೋಲ್ಟೇಜು 180ಕ್ಕೆ ಇಳಿಯುವುದನ್ನು ಫ್ರಿಜ್ಜಿನ ಸ್ಟೆಬಿಲೈಸರಿನ ಮುಳ್ಳಿನಲ್ಲೇ ನೋಡಿದ್ದೇನೆ. ಮಾಸ್ತರರು ಕಂಪ್ಯೂಟರು ಹಾಕುವುದೂ ಅದೇ ಹೊತ್ತಿಗೆ. ಮಳೆಗಾಲದಲ್ಲಿ ಈ ತೊಂದರೆ ಇತ್ತೇ?

ಬದಿಯಡ್ಕ ಮಾಸ್ತರ್ (ಭಾನುವಾರ, ಮಧ್ಯಾಹ್ನ 12.10)

ಯೋಚಿಸಿದರೆ ಇರಲಿಲ್ಲ. ನಮ್ಮ ಪಂಪನ್ನೂ ನಾನೇ ಏಳೂವರೆಗೆ ಹಾಕಿ ಬಂದು ಕಂಪ್ಯೂಟರಿನ ಮುಂದೆ ಕೂರುವುದು.

ಉಪ್ಪಳದ ಮೆಕ್ಯಾನಿಕ್ (ಭಾನುವಾರ, ಮಧ್ಯಾಹ್ನ 12.45)

ಪೆರ್ಲದವರು ಒಳ್ಳೆಯ ಜಾಗಕ್ಕೆ ಕೈಯಿಟ್ಟರು. ಎಸ್‌ಎಂಪಿಎಸ್‌ನ ಒಳಬಾಗಿಲಲ್ಲಿರುವ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. 230ರ ಬದಲು 180 ಬಂದರೆ ಆ ದಾಸ್ತಾನು ಹತ್ತರಲ್ಲಿ ಆರು ಪಾಲಿಗೆ ಇಳಿಯುತ್ತದೆ. ಹೊಸ ಎಸ್‌ಎಂಪಿಎಸ್ ಅದನ್ನು ತಾಳಿಕೊಂಡೀತು; ಒಣಗಿದ ಕೆಪಾಸಿಟರುಗಳ ಹಳೆಯ ಪೆಟ್ಟಿಗೆಗೆ ಮೊದಲೇ ಉಬ್ಬಸ, ಈಗ ಏರುದಾರಿ. ಆದರೂ ವೋಲ್ಟೇಜನ್ನು ಮೂಲ ಕಾರಣ ಎನ್ನಲು ನಾನು ಒಪ್ಪುವುದಿಲ್ಲ. ಕಳೆದ ಬೇಸಗೆಯಲ್ಲೂ ಪಂಪುಗಳಿದ್ದವು, ಆಗ ಈ ಯಂತ್ರ ಏಳುತ್ತಿತ್ತು.

ಬದಿಯಡ್ಕ ಮಾಸ್ತರ್ (ಸೋಮವಾರ, ಬೆಳಿಗ್ಗೆ 10.30)

ಇವತ್ತು ಪಂಪ್ ಹಾಕುವುದಕ್ಕೂ ಮುಂಚೆ, ಆರು ಗಂಟೆಗೇ, ಯುಪಿಎಸ್ ಬಿಟ್ಟು ನೇರ ಪ್ಲಗ್‌ಗೆ ಸಿಕ್ಕಿಸಿ ಬಯೋಸ್‌ಗೆ ಹೋದೆ. ಚಹಾ ಕುಡಿಯುತ್ತ ಪರದೆಯನ್ನೇ ನೋಡುತ್ತ ಕುಳಿತಿದ್ದೆ. ಮೂರನೆಯ ನಿಮಿಷಕ್ಕೆ ಪರದೆ ಕಪ್ಪಾಗಿ ಬೀಪ್ ಕೇಳಿಸಿತು. ವಿಂಡೋಸ್ ನಿರಪರಾಧಿ ಎಂದಾಯಿತು.

ಬಳಿಕ ಮುಚ್ಚಳ ತೆಗೆದೆ. ತಳದಲ್ಲಿ ಬೂದಿಯಂಥ ಧೂಳು, ಹಲ್ಲಿಯ ಮೊಟ್ಟೆಯ ಎರಡು ಚಿಪ್ಪುಗಳು, ಎಲ್ಲಿಂದಲೋ ಬಂದು ಸತ್ತ ಇರುವೆಗಳ ಒಂದು ಸಾಲು ಇದ್ದವು. ಬಣ್ಣದ ಬ್ರಷ್‌ನಿಂದ ಎಲ್ಲವನ್ನೂ ಗುಡಿಸಿದೆ. ರ‍್ಯಾಮ್‌ಗಳನ್ನು ತೆಗೆದು, ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಹಾಕಿ ನೋಡಿದೆ. ಯಾವುದನ್ನು ಹಾಕಿದರೂ ಬಯೋಸ್‌ನಲ್ಲಿ ಅದೇ ಹಾಡು.

ಹೊಸೂರು ಕನ್ನಡಿಗ (ಸೋಮವಾರ, ಬೆಳಿಗ್ಗೆ 11.15)

ಇನ್ನೊಂದು ಅಗ್ಗದ ಶಂಕಿತ ಉಳಿದಿದೆ. ಪೆಟ್ಟಿಗೆಯ ಮುಂದಿರುವ ರೀಸೆಟ್ ಗುಂಡಿ ತೇವಕ್ಕೆ ತುಕ್ಕು ಹಿಡಿದು ಒಳಗೊಳಗೇ ತಾಗಿಕೊಂಡರೆ ಯಂತ್ರ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಕರಾವಳಿಯ ಕಂಪ್ಯೂಟರುಗಳಲ್ಲಿ ಇದು ಅಪರೂಪವಲ್ಲ. ಮದರ್‌ಬೋರ್ಡ್‌ನ ಮೂಲೆಯಲ್ಲಿ ರೀಸೆಟ್ ಎಂದು ಬರೆದಿರುವ ಎರಡು ತಂತಿಗಳ ಪುಟ್ಟ ಕನೆಕ್ಟರನ್ನು ಕಿತ್ತುಬಿಡಿ. ಅದಿಲ್ಲದೆಯೂ ಕಂಪ್ಯೂಟರು ಓಡುತ್ತದೆ.

ಬದಿಯಡ್ಕ ಮಾಸ್ತರ್ (ಸೋಮವಾರ, ಸಂಜೆ 5.45)

ಮಧ್ಯಾಹ್ನವೆಲ್ಲ ತಣ್ಣಗಾಗಲು ಬಿಟ್ಟು, ಅದನ್ನು ಕಿತ್ತು ನೋಡಿದೆ. ಹಾರ್ಡ್ ಡಿಸ್ಕ್‌ನ ಎರಡೂ ವೈರುಗಳನ್ನು ಕೂಡ ಬಿಡಿಸಿದೆ. ಆದರೂ ರೀಸ್ಟಾರ್ಟ್ ಆಯಿತು. ನನ್ನ ಬಳಿ ಡಿಜಿಟಲ್ ಮಲ್ಟಿಮೀಟರ್ ಇದೆ. ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರುಗಳನ್ನು ನೋಡಲೇ?

ಉಪ್ಪಳದ ಮೆಕ್ಯಾನಿಕ್ (ಸೋಮವಾರ, ಸಂಜೆ 6.00)

ದಯವಿಟ್ಟು ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಕುಳಿತಿರಬಹುದು. ಹೊರಗಿನಿಂದಲೇ ಅಳೆಯಬಹುದು. ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ರಂಧ್ರಗಳ ದೊಡ್ಡ ಬಿಳಿ ಕನೆಕ್ಟರ್ ಒಂದಾದರೂ ಖಾಲಿ ಇರುತ್ತದೆ. ಅದರ ಹಳದಿ ತಂತಿಗೂ ಕಪ್ಪು ತಂತಿಗೂ ನಡುವೆ 12 ವೋಲ್ಟ್, ಕೆಂಪಿಗೂ ಕಪ್ಪಿಗೂ ನಡುವೆ 5 ವೋಲ್ಟ್ ಇರಬೇಕು. ನೂರಕ್ಕೆ ಐದರಷ್ಟು ಏರುಪೇರಿಗೆ ಅವಕಾಶವಿದೆ. ಅಂದರೆ ಹಳದಿಯಲ್ಲಿ 11.4ಕ್ಕಿಂತ ಕೆಳಗೆ, ಕೆಂಪಿನಲ್ಲಿ 4.75ಕ್ಕಿಂತ ಕೆಳಗೆ ಇಳಿಯಬಾರದು. ಯಂತ್ರ ಓಡುತ್ತಿರುವಾಗಲೇ, ತಣ್ಣಗಿದ್ದ ಬೆಳಿಗ್ಗೆ ಅಳೆಯಿರಿ. ಮೀಟರಿನ ಎರಡು ಮೊನೆಗಳೂ ಒಂದಕ್ಕೊಂದು ತಾಗದಂತೆ ಎಚ್ಚರವಿರಲಿ.

ಹೊಸೂರು ಕನ್ನಡಿಗ (ಸೋಮವಾರ, ಸಂಜೆ 6.30)

ಒಂದು ತಕರಾರು. ಮಲ್ಟಿಮೀಟರ್ ನಿಧಾನದ ಪ್ರಾಣಿ, ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಕೆಲವೇ ಮಿಲಿಸೆಕೆಂಡುಗಳ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮೀಟರಿನಲ್ಲಿ ಸರಿಯಾದ ಅಂಕಿ ಬಂದರೆ ಎಸ್‌ಎಂಪಿಎಸ್ ಒಳ್ಳೆಯದೆಂದು ತೀರ್ಮಾನಿಸಬಾರದು. ತಪ್ಪು ಅಂಕಿ ಬಂದರೆ ಮಾತ್ರ ನಂಬಬಹುದು.

ಉಪ್ಪಳದ ಮೆಕ್ಯಾನಿಕ್ (ಸೋಮವಾರ, ಸಂಜೆ 6.40)

ಒಪ್ಪಿದೆ. ನಿಜವಾದ ಪರೀಕ್ಷೆಯೆಂದರೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು. ಯಾರಿಂದಾದರೂ ಎರಡು ದಿನಕ್ಕೆ ಎರವಲು ಸಿಕ್ಕೀತೇ ಎಂದು ವಿಚಾರಿಸಿ, ಕೊಳ್ಳುವ ಮಾತು ಆಮೇಲೆ.

ಬದಿಯಡ್ಕ ಮಾಸ್ತರ್ (ಬುಧವಾರ, ಬೆಳಿಗ್ಗೆ 11.00)

ನಿನ್ನೆ ಬೆಳಿಗ್ಗೆ ಅಳೆದೆ. ಮೊದಲ ಯತ್ನದಲ್ಲಿ ಹಳದಿ ತಂತಿಯಲ್ಲಿ 11.18 ಇತ್ತು. ಚಿಹ್ನೆ ಬಂದಾಗ 10.9 ಎಂದು ಒಮ್ಮೆ ತೋರಿಸಿದ್ದೇ ಯಂತ್ರ ಆರಿತು. ಐದನೆಯ ಯತ್ನದಲ್ಲಿ 11.55ಕ್ಕೆ ಏರಿ ವಿಂಡೋಸ್ ತೆರೆಯಿತು. ಕೆಪಾಸಿಟರು ಬಿಸಿಯಾಗುತ್ತ ಚೇತರಿಸಿಕೊಳ್ಳುವುದನ್ನು ಅಂಕಿಗಳಲ್ಲಿ ನೋಡಿದಂತಾಯಿತು.

ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಎಸ್‌ಎಂಪಿಎಸ್ ಕಳಚಿ ತಂದುಕೊಟ್ಟ. ಮದರ್‌ಬೋರ್ಡ್‌ನ 24 ಪಿನ್ನಿನ ಕನೆಕ್ಟರ್ ಹಾಕಿದ ಮೇಲೂ ಯಂತ್ರ ಏಳದೆ ಹತ್ತು ನಿಮಿಷ ಕಂಗಾಲಾದೆವು. ಪ್ರೊಸೆಸರಿನ ಪಕ್ಕದ 4 ಪಿನ್ನಿನ ಕನೆಕ್ಟರನ್ನು ಮರೆತಿದ್ದೆವು. ಅದನ್ನೂ ಹಾಕಿದ ಮೇಲೆ ಹಳದಿಯಲ್ಲಿ 12.06 ಬಂತು. ಇವತ್ತು ಬೆಳಿಗ್ಗೆ ಪಂಪ್ ಓಡುತ್ತಿರುವಾಗಲೇ ಹಾಕಿದೆ. ರೀಸ್ಟಾರ್ಟ್ ಇಲ್ಲ. ಆದರೆ ‘ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್’ ಎಂದು ತೋರಿಸಿ, ರಿಪೇರಿ ಆಗಲಿಲ್ಲವೆಂದು ಹೇಳಿ ಅಲ್ಲಿಯೇ ನಿಂತಿದೆ.

ಹೊಸೂರು ಕನ್ನಡಿಗ (ಬುಧವಾರ, ಬೆಳಿಗ್ಗೆ 11.40)

ಅದು ಹಳೆಯ ರೋಗ ಬಿಟ್ಟುಹೋದ ಗಾಯ. ಡಿಸ್ಕ್‌ಗೆ ಬರೆಯುತ್ತಿರುವಾಗಲೇ ಐವತ್ತು ಸಲ ಕರೆಂಟು ತಪ್ಪಿದರೆ ಕಡತಗಳ ಲೆಕ್ಕಪತ್ರ ಅಸ್ತವ್ಯಸ್ತವಾಗುತ್ತದೆ. ರಿಪೇರಿಯ ಪರದೆಯಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್‌ನ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ವಿಂಡೋಸ್ ಇರುವ ವಿಭಾಗಕ್ಕೆ ಸಿ ಎಂಬ ಅಕ್ಷರವೇ ಇರುತ್ತದೆಂಬ ಖಾತರಿಯಿಲ್ಲ, ಡಿ ಆಗಿರಲೂಬಹುದು. ಡಿರ್ ಕಮಾಂಡ್ ಕೊಟ್ಟು ಯಾವುದರಲ್ಲಿ ವಿಂಡೋಸ್ ಎಂಬ ಫೋಲ್ಡರ್ ಇದೆ ಎಂದು ನೋಡಿಕೊಂಡು, ಆ ಅಕ್ಷರಕ್ಕೆ, ಡಿಸ್ಕ್‌ನ ತಪ್ಪುಗಳನ್ನು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ (chkdsk) ಕಮಾಂಡನ್ನು ಓರೆಗೆರೆ ಎಫ್ (/f) ಆಯ್ಕೆಯೊಂದಿಗೆ ಕೊಡಿ. ಹಳೆಯ ಡಿಸ್ಕ್ ಆದ್ದರಿಂದ ಹೊತ್ತು ಹಿಡಿಯಬಹುದು, ನಡುವೆ ಆರಿಸಬೇಡಿ. ಮುಗಿದ ಮೇಲೆ ಅದು ಕೆಟ್ಟ ಸೆಕ್ಟರ್‌ಗಳ (ಡಿಸ್ಕ್‌ನಲ್ಲಿ ಹಾಳಾದ ಜಾಗಗಳ) ಲೆಕ್ಕ ಕೊಟ್ಟರೆ ಬರೆದುಕೊಳ್ಳಿ.

ಬದಿಯಡ್ಕ ಮಾಸ್ತರ್ (ಬುಧವಾರ, ರಾತ್ರಿ 8.50)

ನಿಮ್ಮ ಎಚ್ಚರಿಕೆ ಇಲ್ಲದಿದ್ದರೆ ನಾನು ಸಿ ಎಂದೇ ಹೊಡೆಯುತ್ತಿದ್ದೆ. ಅದು ಡಿ ಆಗಿತ್ತು. ಚೆಕ್‌ಡಿಸ್ಕ್ ನಲವತ್ತು ನಿಮಿಷ ಓಡಿ ಒಂದಷ್ಟು ತಪ್ಪುಗಳನ್ನು ಸರಿಪಡಿಸಿತು, ಕೆಟ್ಟ ಸೆಕ್ಟರ್‌ಗಳ ಜಾಗದಲ್ಲಿ ಸೊನ್ನೆ ತೋರಿಸಿತು. ಬಳಿಕ ವಿಂಡೋಸ್ ತೆರೆಯಿತು. ನುಡಿಯ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದೆ. ‘ಕರ್ಣಪರ್ವ’ದ ಟಿಪ್ಪಣಿಯ ಕೊನೆಯ ಅರ್ಧ ಪುಟ ಮಾತ್ರ ಕಾಣೆಯಾಗಿದೆ, ಅದರ ಕೈಬರಹ ಇದೆ, ಮತ್ತೆ ಹೊಡೆಯುತ್ತೇನೆ.

ಉಪ್ಪಳದ ಮೆಕ್ಯಾನಿಕ್ (ಬುಧವಾರ, ರಾತ್ರಿ 9.10)

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ದೊಡ್ಡ ವ್ಯಾಟ್ ಸಂಖ್ಯೆಗೆ ಮರುಳಾಗದೆ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ನೋಡಿ. ನಿಮ್ಮ ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಒಳ್ಳೆಯ ಕಂಪನಿಯ 400 ವ್ಯಾಟ್ ಧಾರಾಳ. ಒಳಬರುವ ವೋಲ್ಟೇಜಿನ ಜಾಗದಲ್ಲಿ 200ರಿಂದ 240 ಎಂದಿರುವುದನ್ನು ಬಿಟ್ಟು 100ರಿಂದ 240 ಎಂದಿರುವುದನ್ನು ಆರಿಸಿಕೊಂಡರೆ ಪಂಪಿನ ಹೊತ್ತಿಗೂ ತಾಳಿಕೊಳ್ಳುತ್ತದೆ.

ಪೆರ್ಲದ ಕೃಷಿಕ (ಬುಧವಾರ, ರಾತ್ರಿ 9.30)

ಮಾಸ್ತರರೇ, ಹಳೆಯ ಎಸ್‌ಎಂಪಿಎಸ್ ಎಸೆಯಬೇಡಿ. ಅದರ ಫ್ಯಾನ್ ಚೆನ್ನಾಗಿದ್ದರೆ ನನಗೆ ಬೇಕಿತ್ತು. ಬಿಚ್ಚುವುದು ನಾನಲ್ಲ, ಉಪ್ಪಳದವರ ಹತ್ತಿರವೇ ಕಳುಹಿಸುತ್ತೇನೆ.